ಪೆಂಗ್ವಿನ್ ಏಕೆ ಹಾರಲಾರದು? – ಬೋನಾಳ ಕೆರೆಯ ದಂಡೆಯಿಂದ ಒಂದು ವಿಚಾರ

ಸುರಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿರುವ ಬೋನಾಳ ಕೆರೆಯನ್ನು ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯನ್ನು 1840ರ ದಶಕದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದಿದ್ದ ಫಿಲಿಪ್ ಮೆಡೋಸ್ ಟೇಲರ್ ಅವರು ಹಿಗ್ಗಿಸಿ ಭದ್ರಪಡಿಸಿದರು. ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಆ ಕೆರೆಯು ಕಾಲಾನುಕ್ರಮದಲ್ಲಿ ಹಕ್ಕಿಗಳ ಬೀಡಾಗಿ ಇಂದು ಪಕ್ಷಿಧಾಮವೆನಿಸಿಕೊಂಡಿದೆ. ಪೆಂಗ್ವಿನ್ ಎಂಬ ದೂರದೇಶದ ಹಕ್ಕಿಯ ಕುರಿತು ಬರೆಯಹೊರಟವನು ಬೋನಾಳದ ಹೆಸರನ್ನೇಕೆ ಎತ್ತಿದನೆಂದು ವಾಚಕರು ಸಂದೇಹಪಡಬಾರದು. ಆ ಹಕ್ಕಿಯ ಗುಟ್ಟಿನ ಅರ್ಧಭಾಗವು ಈ ಕೆರೆಯಲ್ಲಿಯೇ ಇದೆ.

ಚಳಿಗಾಲದ ಒಂದು ಬೆಳಗು ಮಕ್ಕಳೊಡನೆ ಆ ಕೆರೆಯ ಏರಿಯ ಮೇಲೆ ನಿಂತಿದ್ದೆವು. ನೀರಿನ ನಡುವೆ ಒಣಗಿ ನಿಂತ ಜಾಲಿಯ ಕೊಂಬೆಯ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆಗಳನ್ನು ಅಗಲಿಸಿ, ಹರವಿದ ಕರಿಯ ಕಂಬಳಿಯಂತೆ ಬಿಸಿಲಿಗೆ ಹಿಡಿದು ಕುಳಿತಿತ್ತು. ನೀರಿನಲ್ಲಿಯೇ ಬಾಳುವ ಹಕ್ಕಿಗೆ ರೆಕ್ಕೆ ಒಣಗಿಸಿಕೊಳ್ಳುವ ಪಾಡೇಕೆ ಎಂದು ಒಬ್ಬನು ಕೇಳಿದನು. ಅಷ್ಟರಲ್ಲಿ ಮತ್ತೊಬ್ಬ ಹುಡುಗಿಯು ಪುಸ್ತಕದಲ್ಲಿ ಕಂಡ ಚಿತ್ರವನ್ನು ನೆನೆದು ಪೆಂಗ್ವಿನ್ನಿನ ಮಾತೆತ್ತಿದಳು: “ಅದಕ್ಕೂ ರೆಕ್ಕಿ ಅದಾವಲ್ರೀ ಸರ್, ಮತ್ಯಾಕ ಹಾರಂಗಿಲ್ಲ?” ಎರಡು ಪ್ರಶ್ನೆಗಳೂ ಬೇರೆ ಬೇರೆಯಾಗಿ ತೋರಿದರೂ ಅವುಗಳ ಬೇರು ಒಂದೇ ಆಗಿದೆ. ಅಂದು ಏರಿಯ ಮೇಲೆ ನಿಂತು ಪೂರ್ತಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ.

ಮೊದಲು, ಸಾಮಾನ್ಯವಾಗಿ ಕೇಳಿಬರುವ ಒಂದೆರಡು ಉತ್ತರಗಳನ್ನು ಬದಿಗಿಡಬೇಕಾಗಿದೆ. ಹಿಮದ ನಾಡಿನ ಚಳಿಯೇ ಪೆಂಗ್ವಿನ್ನನ್ನು ಹಾರದಂತೆ ಮಾಡಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಪೆಂಗ್ವಿನ್‌ಗಳಲ್ಲಿರುವ ಸುಮಾರು 18 ಜಾತಿಗಳ ಪೈಕಿ ಅಂಟಾರ್ಕ್ಟಿಕದ ಹಿಮದಲ್ಲಿ ಬಾಳುವಂಥವು ಕೆಲವೇ. ದಕ್ಷಿಣ ಆಫ್ರಿಕಾದ ಬಿಸಿಲಿನ ಮರಳದಂಡೆಯಲ್ಲಿ ಒಂದು ಜಾತಿಯಿದೆ. ಪೆರು, ಚಿಲಿ ದೇಶಗಳ ತೀರದಲ್ಲಿ ಹಂಬೋಲ್ಟ್ ಜಾತಿಯಿದೆ. ಗಲಪಗೊಸ್ ದ್ವೀಪಗಳ ಜಾತಿಯಂತೂ ಭೂಮಧ್ಯರೇಖೆಯ ಮೇಲೆಯೇ ವಾಸಿಸುತ್ತದೆ. ಮುಂಬಯಿಯ ಬೈಕುಲ್ಲಾದ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನಕ್ಕೆ 2016ರಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತರಲಾಯಿತು. ಮರುವರ್ಷದಿಂದ ಜನರು ಅವನ್ನು ನೋಡುತ್ತಿದ್ದಾರೆ. ನಮ್ಮ ತಾಲೂಕುಗಳಿಂದ ದುಡಿಮೆಗಾಗಿ ಮುಂಬಯಿಗೆ ಹೋಗುವ ಕುಟುಂಬಗಳ ಮಕ್ಕಳಲ್ಲಿ ಕೆಲವರಾದರೂ ಅವನ್ನು ಕಂಡಿರಬಹುದು. ಗಾಜಿನಾಚೆ ಅವು ಈಜುವುದನ್ನು ಕಂಡವರಿಗೆ ಮುಂದಿನ ಮಾತುಗಳು ಸುಲಭವಾಗಿ ಅರ್ಥವಾಗುವುವು.

ಇನ್ನೊಂದು ಉತ್ತರವು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ನೆಲದ ಮೇಲೆ ಬೆನ್ನಟ್ಟುವ ವೈರಿಗಳಿಲ್ಲದೆಡೆ ಹಕ್ಕಿಗೆ ಹಾರುವ ಅಗತ್ಯವಿರುವುದಿಲ್ಲ, ಬಳಸದ ರೆಕ್ಕೆ ಕ್ಷೀಣಿಸುತ್ತದೆ ಎಂಬುದೇ ಆ ಉತ್ತರ. ನ್ಯೂಜಿಲೆಂಡಿನ ಕಿವಿ ಮುಂತಾದ ನೆಲದ ಹಕ್ಕಿಗಳ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಆದರೆ ಪೆಂಗ್ವಿನ್ನಿನ ರೆಕ್ಕೆ ಕ್ಷೀಣಿಸಿದ ರೆಕ್ಕೆಯಲ್ಲ. ಅದರ ಎದೆಯ ಸ್ನಾಯುಗಳು ಬಲಿಷ್ಠವಾಗಿವೆ. ಆ ಸ್ನಾಯುಗಳು ಹತ್ತಿಕೊಂಡಿರುವ ಎದೆಮೂಳೆಯ ಏಣು, ಹಾರುವ ಹಕ್ಕಿಗಳಲ್ಲಿರುವಂತೆಯೇ ಎತ್ತರವಾಗಿದೆ. ಬಳಸದೆ ಬಿಟ್ಟ ಅಂಗದ ಲಕ್ಷಣ ಇದಲ್ಲ. ಅದು ದಿನವಿಡೀ ದುಡಿಯುವ ಅಂಗ. ದುಡಿಮೆಯ ಸ್ಥಳ ಮಾತ್ರ ಬೇರೆ.

ಇನ್ನು ಗಾಳಿ ಮತ್ತು ನೀರಿನ ಸ್ವಭಾವವನ್ನು ನೋಡೋಣ. ಒಂದೇ ಅಳತೆಯ ಗಾಳಿಗಿಂತ ನೀರು ಸುಮಾರು 800 ಪಟ್ಟು ಭಾರವಾದುದು. ಬೇಸಗೆಯಲ್ಲಿ ನಾವು ಬೀಸಿಕೊಳ್ಳುವ ಬೀಸಣಿಗೆಯನ್ನೂ, ಕೃಷ್ಣೆಯಲ್ಲಿ ಅಂಬಿಗನು ಹರಿಗೋಲನ್ನು ನಡೆಸುವ ಹುಟ್ಟನ್ನೂ ಹೋಲಿಸಿ ನೋಡಿರಿ. ಗಾಳಿ ಹಗುರವಾದುದರಿಂದ ಬೀಸಣಿಗೆ ಅಗಲವಾಗಿರಬೇಕು, ಹಗುರವಾಗಿರಬೇಕು, ಕೊಂಚ ಬಾಗುವಂತಿರಬೇಕು. ನೀರು ಭಾರವಾದುದರಿಂದ ಹುಟ್ಟಿನ ಅಲಗು ಕಿರಿದಾಗಿಯೂ ಗಟ್ಟಿಯಾಗಿಯೂ ಬಾಗದಂತೆಯೂ ಇರಬೇಕು. ಬೀಸಣಿಗೆಯಿಂದ ಹರಿಗೋಲು ನಡೆಸಹೊರಟರೆ ಎರಡನೆಯ ಎಳೆತಕ್ಕೆ ಅದು ಮುರಿಯುತ್ತದೆ. ಹುಟ್ಟಿನಿಂದ ಗಾಳಿ ಬೀಸಿಕೊಳ್ಳಹೊರಟರೆ ಕೈ ಸೋಲುತ್ತದೆಯೇ ಹೊರತು ಬೆವರು ಆರುವುದಿಲ್ಲ. ಹಕ್ಕಿಯ ರೆಕ್ಕೆಯ ಕಥೆಯೂ ಇದೇ. ಗಾಳಿಯಲ್ಲಿ ಅದು ಬೀಸಣಿಗೆಯಾಗಿರಬೇಕು, ನೀರಿನೊಳಗೆ ಹುಟ್ಟಾಗಿರಬೇಕು. ಎರಡೂ ಕೆಲಸಗಳನ್ನು ಒಂದೇ ರೆಕ್ಕೆ ಮಾಡಬೇಕಾದಾಗ ಎರಡೂ ಅರ್ಧಮರ್ಧವಾಗುತ್ತವೆ.

ರೆಕ್ಕೆಯಷ್ಟೇ ಅಲ್ಲ, ಮೈಯ ಭಾರದ ಪ್ರಶ್ನೆಯೂ ಇದೆ. ನಮ್ಮ ಹಳ್ಳಿಗಳಲ್ಲಿ ಬಾವಿಯಲ್ಲಿ ಈಜು ಕಲಿಯುವ ಹುಡುಗನ ನಡುವಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ನೀರಿಗಿಳಿಸುವ ರೂಢಿ ಇತ್ತು. ಬುರುಡೆ ಕಟ್ಟಿಕೊಂಡ ಹುಡುಗ ಮುಳುಗುವುದಿಲ್ಲ, ನಿಜ. ಆದರೆ ಅವನಿಗೆ ಬಾವಿಯ ತಳಕ್ಕೆ ಹೋಗಿ ಬಿದ್ದ ಕೊಡವನ್ನು ಎತ್ತಿ ತಾ ಎಂದರೆ ಎಷ್ಟು ಕಾಲು ಬಡಿದರೂ ಆಗುವುದಿಲ್ಲ. ಹಾರುವ ಹಕ್ಕಿಯ ಮೈಯೆಲ್ಲ ಇಂತಹ ಬುರುಡೆಗಳಿಂದಲೇ ಕಟ್ಟಲ್ಪಟ್ಟಿದೆ. ಅದರ ಅನೇಕ ಮೂಳೆಗಳು ಟೊಳ್ಳಾಗಿದ್ದು ಅವುಗಳೊಳಗೆ ಗಾಳಿ ತುಂಬಿರುತ್ತದೆ. ಪುಪ್ಪುಸಗಳಿಗೆ ಸೇರಿದ ಗಾಳಿಚೀಲಗಳು ಹೊಟ್ಟೆಯವರೆಗೂ ಹಬ್ಬಿರುತ್ತವೆ. ಗರಿಗಳ ನಡುವೆಯೂ ಗಾಳಿಯೇ. ಆಕಾಶಕ್ಕೆ ಏರಲು ವರವಾದ ಈ ಹಗುರತನವೇ ನೀರಿನಲ್ಲಿ ಮುಳುಗಲು ಶಾಪವಾಗುತ್ತದೆ.

ಈಗ ಬೋನಾಳದ ನೀರುಕಾಗೆಯ ಬಳಿಗೆ ಮರಳೋಣ. ಅದು ಮುಳುಗಿ ಮೀನು ಹಿಡಿಯಬೇಕಾದ ಹಕ್ಕಿ. ಬಾತುಕೋಳಿಯ ಗರಿಗಳಂತೆ ಅದರ ಗರಿಗಳು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಹೊರಭಾಗ ನೆನೆಯುತ್ತದೆ, ಗರಿಗಳ ನಡುವಿನ ಗಾಳಿ ಹೊರಟುಹೋಗುತ್ತದೆ, ಹಕ್ಕಿ ಭಾರವಾಗಿ ಸುಲಭವಾಗಿ ಮುಳುಗುತ್ತದೆ. ಇದು ಅದರ ಲಾಭ. ಹೊರಬಂದ ಮೇಲೆ ಒದ್ದೆಯಾದ ರೆಕ್ಕೆಯನ್ನು ಬಿಸಿಲಿಗೆ ಹಿಡಿದು ಕುಳಿತಿರಬೇಕಾಗುತ್ತದೆ. ಇದು ಅದಕ್ಕಾಗಿ ತೆರುವ ಬೆಲೆ. ನೀರಿನಿಂದ ನೇರವಾಗಿ ಹಾರಬೇಕಾದಾಗಲೂ ಅದು ಕೊಕ್ಕರೆಯಂತೆ ನಿರಾಯಾಸವಾಗಿ ಏಳಲಾರದು. ನೀರಿನ ಮೇಲೆ ಕಾಲು ಬಡಿಯುತ್ತ ಬಹುದೂರ ಓಡಿ, ಆಮೇಲೆ ಪ್ರಯಾಸದಿಂದ ಮೇಲೇರುತ್ತದೆ. ನೀರುಕಾಗೆಯ ಬಂಧುವಾದ ಹಾವಕ್ಕಿ ಇನ್ನೂ ಹೆಚ್ಚು ನೆನೆಯುತ್ತದೆ. ಮೈಯೆಲ್ಲ ನೀರೊಳಗಿದ್ದು ಕತ್ತು ಮಾತ್ರ ಮೇಲೆ ಹಾವಿನಂತೆ ಆಡುತ್ತಿರುವುದರಿಂದಲೇ ಅದಕ್ಕೆ ಆ ಹೆಸರು. ಗುಳುಮುಳುಕ ಎಂಬ ಪುಟ್ಟ ಹಕ್ಕಿಯ ಕಾಲುಗಳು ದೇಹದ ತೀರ ಹಿಂಭಾಗದಲ್ಲಿವೆ. ದೋಣಿಯ ಹಿಂದೆ ಹುಟ್ಟು ಹಾಕಿದಂತೆ ಅದು ನೀರಿನಲ್ಲಿ ಚುರುಕು. ದಂಡೆಗೆ ಬಂದರೆ ಎರಡು ಹೆಜ್ಜೆ ನೆಟ್ಟಗೆ ಇಡಲಾರದು.

ಇದೇ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು 7,000 ಮೀಟರಿಗೂ ಮೇಲಣ ತೆಳುಗಾಳಿಯಲ್ಲಿ ಹಾರಿದ್ದನ್ನು ಅವುಗಳ ಮೈಗೆ ಕಟ್ಟಿದ ಉಪಕರಣಗಳ ನೆರವಿನಿಂದ ವಿಜ್ಞಾನಿಗಳು ದಾಖಲಿಸಿದ್ದಾರೆ. ಅವು ನೀರಿನ ಮೇಲೆ ತೇಲುತ್ತವೆ, ದಂಡೆಯ ಹೊಲಗಳಲ್ಲಿ ಮೇಯುತ್ತವೆ. ಆಹಾರಕ್ಕಾಗಿ ನೀರಿನ ಆಳಕ್ಕೆ ಮುಳುಗುವ ಗೋಜಿಗೆ ಹೋಗುವುದಿಲ್ಲ. ಹೀಗೆ ಬೋನಾಳದ ಒಂದೇ ನೀರಿನಲ್ಲಿ ಆಕಾಶವನ್ನು ನೆಚ್ಚಿದ ಹಕ್ಕಿಯೂ ಇದೆ, ಆಕಾಶ ಮತ್ತು ಆಳಗಳ ನಡುವೆ ಹೊಯ್ದಾಡುವ ಹಕ್ಕಿಯೂ ಇದೆ. ಆಳವನ್ನೇ ಪೂರ್ತಿಯಾಗಿ ನೆಚ್ಚಿದ ಹಕ್ಕಿಯೊಂದು ಮಾತ್ರ ಇಲ್ಲಿಲ್ಲ; ಅದುವೇ ಪೆಂಗ್ವಿನ್.

ಹಾರಾಟಕ್ಕೂ ಮುಳುಗಾಟಕ್ಕೂ ಇರುವ ಈ ವಿರೋಧವನ್ನು ಲೆಕ್ಕ ಹಾಕಿ ತೋರಿಸಿದ ಒಂದು ಸಂಶೋಧನೆ 2013ರಲ್ಲಿ ಪ್ರಕಟವಾಯಿತು. ಉತ್ತರ ಧ್ರುವದ ಕಡೆಯ ಸಮುದ್ರಗಳಲ್ಲಿ ಮರ್ ಎಂಬ ಹಕ್ಕಿಯಿದೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ನೆಟ್ಟಗೆ ನಿಲ್ಲುವ ಭಂಗಿ – ದೂರದಿಂದ ನೋಡಿದರೆ ಪೆಂಗ್ವಿನ್ನೇ ಎನಿಸುತ್ತದೆ. ಆದರೆ ಅದು ಬೇರೆಯೇ ಕುಲದ್ದು, ಮತ್ತು ಹಾರಬಲ್ಲುದು. ನೀರಿನೊಳಗೆ ಪೆಂಗ್ವಿನ್ನಿನಂತೆ ರೆಕ್ಕೆಯನ್ನೇ ಬಡಿದು ಈಜುತ್ತದೆ. ಕೆನಡಾದ ಉತ್ತರಭಾಗದಲ್ಲಿ ಈ ಹಕ್ಕಿಗಳು ಹಾರುವಾಗಲೂ ಮುಳುಗುವಾಗಲೂ ವ್ಯಯಿಸುವ ಶಕ್ತಿಯನ್ನು ಅಳೆದಾಗ, ಮುಳುಗಾಟಕ್ಕೆ ತಗಲುವ ವೆಚ್ಚ ಕಡಿಮೆಯೆಂದೂ, ಹಾರಾಟಕ್ಕೆ ಮಾತ್ರ ವಿಶ್ರಾಂತಿಯಲ್ಲಿ ಬೇಕಾಗುವ ಶಕ್ತಿಯ 31 ಪಟ್ಟು ಬೇಕಾಗುತ್ತದೆಂದೂ ತಿಳಿದುಬಂತು. ಅಂದಿನವರೆಗೆ ಅಳೆದ ಹಾರುವ ಹಕ್ಕಿಗಳ ಪೈಕಿ ಇಷ್ಟು ದುಬಾರಿಯಾದ ಹಾರಾಟ ಮತ್ತೊಂದಿರಲಿಲ್ಲ. ಚಿಕ್ಕ ರೆಕ್ಕೆಯಿಂದ ಭಾರದ ಮೈಯನ್ನು ಎತ್ತಿ ಹಿಡಿಯಲು ಅದು ಎಡೆಬಿಡದೆ ರೆಕ್ಕೆ ಬಡಿಯಬೇಕು. ರೆಕ್ಕೆ ಇನ್ನೂ ಸ್ವಲ್ಪ ಕಿರಿದಾದರೆ ಹಾರಾಟ ಸಾಧ್ಯವಾಗದು. ಹಿರಿದಾದರೆ ನೀರಿನಲ್ಲಿ ತೊಡಕಾದೀತು. ಮರ್ ಹಕ್ಕಿ ನಿಂತಿರುವುದು ಆ ಗಡಿಯ ಅಂಚಿನಲ್ಲಿ. ಅದರ ತೂಕ ಸುಮಾರು ಒಂದು ಕಿಲೋಗ್ರಾಂ. ಪೆಂಗ್ವಿನ್‌ಗಳಲ್ಲಿ ಅತಿ ಚಿಕ್ಕ ಜಾತಿಯ ತೂಕವೂ ಸುಮಾರು ಅಷ್ಟೇ. ಒಂದರ ಸೀಮೆ ಮುಗಿಯುವಲ್ಲಿ ಇನ್ನೊಂದರ ಸೀಮೆ ಮೊದಲಾಗುತ್ತದೆ! ಈ ಒಂದು ಸಂಗತಿಯನ್ನು ಓದಿದಾಗ ನನಗಾದ ಸಂತೋಷವನ್ನು ಇಲ್ಲಿ ಮರೆಮಾಚಲಾರೆ.

ಪೆಂಗ್ವಿನ್‌ಗಳ ಪೂರ್ವಿಕರೂ ಒಂದು ಕಾಲಕ್ಕೆ ಹಾರುತ್ತಿದ್ದ ಸಮುದ್ರದ ಹಕ್ಕಿಗಳೇ. ಇಂದಿನ ಹಕ್ಕಿಗಳಲ್ಲಿ ಅವುಗಳಿಗೆ ಅತಿ ಹತ್ತಿರದ ಬಂಧುಗಳು ಯಾರೆಂದರೆ ಆಲ್ಬಟ್ರಾಸ್ ಮತ್ತು ಪೆಟ್ರೆಲ್‌ಗಳು. ಮೂರೂವರೆ ಮೀಟರಿನವರೆಗೂ ರೆಕ್ಕೆ ಹರಡಿ, ದಿನಗಟ್ಟಲೆ ಸಾಗರದ ಮೇಲೆ ತೇಲಾಡುವ ಆಲ್ಬಟ್ರಾಸ್ ಹಾರಾಟದಲ್ಲಿ ಅಗ್ರಗಣ್ಯ. ಅದರ ದಾಯಾದಿಯೇ ಹಾರಲಾರದ ಪೆಂಗ್ವಿನ್. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಗಾಳಿಯನ್ನೂ ಇನ್ನೊಬ್ಬನು ನೀರನ್ನೂ ಪಾಲಿಗೆ ಪಡೆದಂತಾಯಿತು. ನ್ಯೂಜಿಲೆಂಡಿನಲ್ಲಿ ದೊರೆತ ವೈಮಾನು ಎಂಬ ಪಳೆಯುಳಿಕೆಯು ಸುಮಾರು 6 ಕೋಟಿ ವರ್ಷಗಳಷ್ಟು ಹಳೆಯದು. ಆ ವೇಳೆಗಾಗಲೇ ಅದು ಹಾರಾಟವನ್ನು ತೊರೆದು ಈಜುಗಾರನಾಗಿತ್ತು. ಭೂಮಿಯಿಂದ ದೈತ್ಯ ಡೈನೊಸಾರ್‌ಗಳು ಅಳಿದುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಅವುಗಳೊಡನೆ ಸಮುದ್ರದ ದೊಡ್ಡ ಸರೀಸೃಪಗಳೂ ಅಳಿದಿದ್ದವು. ಸೀಲ್, ತಿಮಿಂಗಿಲಗಳು ಇನ್ನೂ ಹುಟ್ಟಿರಲಿಲ್ಲ. ಮೀನು ತುಂಬಿದ ಕಡಲು ಬೇಟೆಗಾರರಿಲ್ಲದೆ ಬಿದ್ದಿತ್ತೆಂದರೆ ಅತಿಶಯವಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪುಕಲ್ಪನೆಗೆ ಎಡೆಗೊಡಬಾರದು. ‘ಇನ್ನು ನಾನು ಹಾರುವುದಿಲ್ಲ, ಈಜುತ್ತೇನೆ’ ಎಂದು ಯಾವ ಹಕ್ಕಿಯೂ ನಿಶ್ಚಯಿಸಲಿಲ್ಲ. ರೈತನು ರಾಶಿ ಮಾಡುವ ಮುನ್ನ ಜೋಳದ ತೆನೆಗಳಲ್ಲಿ ದೊಡ್ಡ ತೆನೆಯನ್ನು ಆಯ್ದು ಬೀಜಕ್ಕೆಂದು ಕಟ್ಟಿಡುತ್ತಾನಷ್ಟೆ. ಪ್ರತಿವರ್ಷ ಹೀಗೆ ಮಾಡುತ್ತ ಹೋದರೆ ಹಲವು ತಲೆಮಾರುಗಳಲ್ಲಿ ಜೋಳದ ತಳಿಯೇ ಬದಲಾಗುತ್ತದೆ. ನಿಸರ್ಗದಲ್ಲಿ ಆಯುವ ರೈತನಿಲ್ಲ; ಹಸಿವು, ಚಳಿ, ವೈರಿಗಳೇ ಆಯ್ಕೆ ಮಾಡುತ್ತವೆ. ಕೊಂಚ ಗಿಡ್ಡ ರೆಕ್ಕೆಯ, ಕೊಂಚ ಭಾರದ ಮೈಯ ಹಕ್ಕಿ ಆಳಕ್ಕೆ ಮುಳುಗಿ ಹೆಚ್ಚು ಮೀನು ತಂದಿತು; ಅದರ ಮರಿಗಳು ಹೆಚ್ಚಾಗಿ ಬದುಕಿದವು. ಸಾವಿರಾರು ತಲೆಮಾರುಗಳು ಸಂದ ಮೇಲೆ ಹಾರಾಟ ಕೈತಪ್ಪಿತು. ಒಮ್ಮೆ ಕೈತಪ್ಪಿದ ಮೇಲೆ ಮೈ ಹಗುರವಾಗಿರಬೇಕೆಂಬ ಕಟ್ಟುಪಾಡೂ ಇಲ್ಲವಾಯಿತು. ದೊಡ್ಡ ದೇಹದಲ್ಲಿ ಹೆಚ್ಚು ಆಮ್ಲಜನಕವನ್ನು ಸಂಗ್ರಹಿಸಬಹುದು, ತಣ್ಣೀರಿನಲ್ಲಿ ಶಾಖವೂ ನಿಧಾನವಾಗಿ ಸೋರುತ್ತದೆ. ಆದುದರಿಂದ ಪೆಂಗ್ವಿನ್‌ಗಳು ಹಿಗ್ಗುತ್ತ ಹೋದವು. ನ್ಯೂಜಿಲೆಂಡಿನಲ್ಲಿಯೇ ದೊರೆತು 2023ರಲ್ಲಿ ಹೆಸರು ಪಡೆದ ಕುಮಿಮಾನು ಜಾತಿಯೊಂದು ಸುಮಾರು 150 ಕಿಲೋಗ್ರಾಂ ತೂಗುತ್ತಿತ್ತೆಂದು ಅಂದಾಜು. ಅಂದರೆ ಒಂದೂವರೆ ಕ್ವಿಂಟಲ್ ತೂಕದ ಹಕ್ಕಿ!

ಇಂದಿನ ಪೆಂಗ್ವಿನ್ನಿನ ದೇಹವನ್ನು ಬಿಡಿಬಿಡಿಯಾಗಿ ನೋಡಿದರೆ ಈ ಹಳೆಯ ಕಥೆಯೆಲ್ಲ ಅದರಲ್ಲಿಯೇ ಬರೆದಂತಿದೆ. ಅದರ ಮೂಳೆಗಳು ಟೊಳ್ಳಲ್ಲ, ಗಟ್ಟಿ. ಸೋರೆಬುರುಡೆಯನ್ನು ಅದು ಬಿಚ್ಚಿ ಎಸೆದಿದೆ. ಹತ್ತು ಮೀಟರ್ ಆಳಕ್ಕೆ ಇಳಿದಂತೆಲ್ಲ ನೀರಿನ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತ ಹೋಗುವುದರಿಂದ, ಅಂತಹ ಆಳದಲ್ಲಿ ಗಾಳಿ ತುಂಬಿದ ಮೂಳೆ ಅಪಾಯಕರವೂ ಆದೀತು. ರೆಕ್ಕೆಯ ಮೂಳೆಗಳು ಚಪ್ಪಟೆಯಾಗಿವೆ. ನಮ್ಮ ಮೊಣಕೈ, ಮಣಿಕಟ್ಟುಗಳಿಗೆ ಸಮನಾದ ಕೀಲುಗಳು ಬಿಗಿದುಕೊಂಡಿದ್ದು, ಭುಜದಿಂದ ತುದಿಯವರೆಗೆ ಇಡಿಯ ರೆಕ್ಕೆ ಒಂದೇ ಹಲಗೆಯಾಗಿದೆ. ಪಾರಿವಾಳವು ರೆಕ್ಕೆಯನ್ನು ಮಡಿಚಿಕೊಳ್ಳುವಂತೆ ಪೆಂಗ್ವಿನ್ ಮಡಿಚಲಾರದು. ಹಾರುವ ಹಕ್ಕಿಯ ರೆಕ್ಕೆಗೆ ಅಗಲವನ್ನು ಕೊಡುವ ಉದ್ದಗರಿಗಳು ಇಲ್ಲಿಲ್ಲ. ಅವುಗಳ ಬದಲು ಮೀನಿನ ಪೊರೆಯಂತೆ ಒತ್ತಾಗಿ ಹೊದೆದ ಗಿಡ್ಡ ಗರಿಗಳಿವೆ. ಬೀಸಣಿಗೆಯು ಹುಟ್ಟಾಗಿ ಮಾರ್ಪಟ್ಟುದು ಹೀಗೆ.

ಹುಟ್ಟಿದ್ದರೆ ಸಾಲದು, ಅದನ್ನು ನಡೆಸುವ ರೀತಿಯೂ ಬೇಕು. ಹಾರುವ ಹಕ್ಕಿಗೆ ಮುಖ್ಯವಾದುದು ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಏಟು, ಏಕೆಂದರೆ ನೆಲದ ಸೆಳೆತವನ್ನು ಅದು ಎದುರಿಸಬೇಕು. ಮೇಲೆತ್ತುವ ಕೆಲಸ ಹಗುರ, ಅದಕ್ಕೆ ಬೇಕಾದ ಸ್ನಾಯುವೂ ಚಿಕ್ಕದು. ನೀರೊಳಗಿನ ಪೆಂಗ್ವಿನ್ನಿಗೆ ತನ್ನ ಭಾರವನ್ನು ಹೊರುವ ಚಿಂತೆಯಿಲ್ಲ, ನೀರೇ ಹೊರುತ್ತದೆ. ರೆಕ್ಕೆ ಕೆಳಗಿಳಿಯುವಾಗಲೂ ಮೇಲೇರುವಾಗಲೂ ಮೈಯನ್ನು ಮುಂದಕ್ಕೆ ನೂಕಿದರೆ ಸಾಕು. ಅದಕ್ಕೆಂದೇ ರೆಕ್ಕೆಯನ್ನು ಎತ್ತುವ ಸ್ನಾಯುವೂ ಅದರಲ್ಲಿ ದೊಡ್ಡದಾಗಿದೆ. ಈ ಕಾರಣದಿಂದ ಪೆಂಗ್ವಿನ್ ‘ಹಾರುವುದಿಲ್ಲ’ ಎನ್ನುವುದಕ್ಕಿಂತ ‘ನೀರಿನೊಳಗೆ ಹಾರುತ್ತದೆ’ ಎನ್ನುವುದು ಹೆಚ್ಚು ಸಮಂಜಸವೆಂದು ನನ್ನ ಅಭಿಪ್ರಾಯ. ಜೆಂಟೂ ಎಂಬ ಜಾತಿಯು ಗಂಟೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ಮುಟ್ಟುತ್ತದೆ. ಕಾಲುಗಳು ಹಿಂದೆ ಚಾಚಿಕೊಂಡು, ಗಿಡ್ಡ ಬಾಲದೊಡನೆ ಚುಕ್ಕಾಣಿಯ ಕೆಲಸ ಮಾಡುತ್ತವೆ. ಕಾಲುಗಳು ಅಷ್ಟು ಹಿಂದಿರುವುದರಿಂದಲೇ ನೆಲದ ಮೇಲೆ ಅದು ಮನುಷ್ಯನಂತೆ ನೆಟ್ಟಗೆ ನಿಂತು ತೊನೆಯುತ್ತ ನಡೆಯಬೇಕಾಗುತ್ತದೆ. ಚಿತ್ರಪುಸ್ತಕಗಳಲ್ಲಿ ಮಕ್ಕಳನ್ನು ನಗಿಸುವ ಆ ನಡಿಗೆಯು ಈಜಿನ ಮೇಲಿಟ್ಟ ಸಾಲಕ್ಕೆ ತೆರುವ ಬಡ್ಡಿ ಎನ್ನಬಹುದು.

ಪೆಂಗ್ವಿನ್‌ಗಳಲ್ಲಿ ದೊಡ್ಡದಾದ ಎಂಪರರ್ ಜಾತಿಯು ಒಂದು ಮೀಟರಿಗೂ ಹೆಚ್ಚು ಎತ್ತರವಾಗಿದ್ದು, ತೂಕದಲ್ಲಿ 40 ಕಿಲೋಗ್ರಾಂ ವರೆಗೂ ಬೆಳೆಯುತ್ತದೆ. ಅದು 500 ಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದುದೂ, ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಉಸಿರು ಹಿಡಿದುದೂ ದಾಖಲೆಯಾಗಿವೆ. ಬಾವಿಯಲ್ಲಿ ಒಂದು ನಿಮಿಷ ಮುಳುಗಿ ಎದ್ದವನನ್ನೇ ಊರಿನ ಹುಡುಗರು ಶೂರನೆಂದು ಹೊಗಳುವುದುಂಟು! ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ವಸ್ತು ಅದರಲ್ಲಿ ಹೇರಳವಾಗಿದೆ. ದೀರ್ಘವಾದ ಮುಳುಗಿನಲ್ಲಿ ಹೃದಯದ ಬಡಿತವು ನಿಮಿಷಕ್ಕೆ ಹತ್ತರ ಸಮೀಪಕ್ಕೆ ಇಳಿದು ರಕ್ತವು ಮಿತವ್ಯಯದಿಂದ ಹರಿಯುತ್ತದೆ. ರೆಕ್ಕೆಗೆ ಹೋಗುವ ಬಿಸಿರಕ್ತದ ನಾಳಗಳೂ ಅಲ್ಲಿಂದ ಮರಳುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಶಾಖವು ಹೊರಗೆ ಸೋರದೆ ಒಳಕ್ಕೇ ಮರಳುತ್ತದೆ. ಸಮುದ್ರದ ಉಪ್ಪುನೀರು ಹೊಟ್ಟೆ ಸೇರಿದರೂ ಕಣ್ಣಿನ ಮೇಲ್ಭಾಗದ ಗ್ರಂಥಿಯೊಂದು ಹೆಚ್ಚಿನ ಉಪ್ಪನ್ನು ಹೊರಹಾಕುತ್ತದೆ. ಕರಿಯ ಬೆನ್ನು ಮೇಲಿನಿಂದ ನೋಡುವವರಿಗೆ ಕಡಲಿನ ಕತ್ತಲಲ್ಲಿಯೂ, ಬಿಳಿಯ ಹೊಟ್ಟೆ ಕೆಳಗಿನಿಂದ ನೋಡುವವರಿಗೆ ಬೆಳಕಿನಲ್ಲಿಯೂ ಬೆರೆತುಹೋಗುತ್ತದೆ.

ನೀರುಕಾಗೆಯಂತೆ ಪೆಂಗ್ವಿನ್ ರೆಕ್ಕೆ ಒಣಗಿಸಿಕೊಳ್ಳುತ್ತದೆಯೇ ಎಂಬ ಮಾತಿಗೆ ಇಲ್ಲಿ ಉತ್ತರ ಸಿಗುತ್ತದೆ. ಇಲ್ಲ. ಅದರ ಗರಿಗಳ ಹೊದಿಕೆಯು ನೀರನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೆ ಹಿಮನೀರಿನಲ್ಲಿ ಅದು ಉಳಿಯಲಾರದು. ಗರಿಗಳ ನಡುವೆ ಸ್ವಲ್ಪ ಗಾಳಿಯೂ ಇರುತ್ತದೆ. ಎಂಪರರ್ ಪೆಂಗ್ವಿನ್ ಆಳದಿಂದ ಮೇಲೇರುವಾಗ ಆ ಗಾಳಿಯನ್ನು ನುಣ್ಣನೆಯ ಗುಳ್ಳೆಗಳಾಗಿ ಬಿಡುತ್ತ, ಗುಳ್ಳೆಗಳ ಹೊದಿಕೆಯೊಳಗೆ ಜಾರಿ, ವೇಗವಾಗಿ ಹಿಮದ ದಂಡೆಯ ಮೇಲಕ್ಕೆ ನೆಗೆಯುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಗರಿಗಳು ಸವೆಯುತ್ತವೆ. ಆದಕಾರಣ ವರ್ಷಕ್ಕೊಮ್ಮೆ ಹಳೆಯ ಗರಿಗಳೆಲ್ಲ ಒಟ್ಟಿಗೇ ಉದುರಿ ಹೊಸವು ಬರುತ್ತವೆ. ಆ ಕೆಲವು ವಾರಗಳು ಹಕ್ಕಿ ನೀರಿಗಿಳಿಯುವಂತಿಲ್ಲ. ನೀರಿಗಿಳಿಯದೆ ಊಟವಿಲ್ಲ. ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಳ್ಳುತ್ತ ದಡದ ಮೇಲೆ ಉಪವಾಸ ನಿಂತಿರುತ್ತದೆ.

ನಮ್ಮ ನೀರುಕಾಗೆಯ ಕುಲದಲ್ಲಿಯೂ ಹಾರಾಟವನ್ನು ಕಳೆದುಕೊಂಡ ಒಂದು ಜಾತಿಯಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು. ಗಲಪಗೊಸ್‌ನ ಫರ್ನಾಂಡಿನಾ ಮತ್ತು ಇಸಬೆಲಾ ಎಂಬ ಎರಡು ದ್ವೀಪಗಳಲ್ಲಿ ಮಾತ್ರ ಅದು ವಾಸಿಸುತ್ತದೆ. ನೀರುಕಾಗೆಗಳಲ್ಲಿಯೇ ಅತ್ಯಂತ ಭಾರವಾದ ಅದರ ರೆಕ್ಕೆಗಳು, ಹಾರಲು ಬೇಕಾಗುವ ಅಳತೆಯ ಮೂರನೆಯ ಒಂದು ಭಾಗದಷ್ಟು ಮಾತ್ರ ಇವೆ. ಆದರೂ ಅದು ಬೋನಾಳದ ತನ್ನ ಬಂಧುವಿನಂತೆಯೇ ಆ ಮೋಟು ರೆಕ್ಕೆಗಳನ್ನು ಬಿಸಿಲಿಗೆ ಹರವಿ ನಿಲ್ಲುತ್ತದೆ! ಅದರ ಎದೆಮೂಳೆಯ ಏಣು ಸವೆದುಹೋಗಿದೆ. ಪೆಂಗ್ವಿನ್ನಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ನೀರುಕಾಗೆಗಳು ನೀರೊಳಗೆ ಈಜುವುದು ಕಾಲಿನಿಂದ. ಹಾರಾಟ ಬೇಡವಾದಾಗ ರೆಕ್ಕೆಗೆ ಕೆಲಸವಿಲ್ಲವಾಗಿ ಅದು ಮೊಟಕಾಯಿತು. ಪೆಂಗ್ವಿನ್ ಈಜುವುದು ರೆಕ್ಕೆಯಿಂದ. ಹಾರಾಟ ಹೋದ ಮೇಲೂ ಕೆಲಸ ಉಳಿಯಿತು, ರೆಕ್ಕೆಯೂ ಉಳಿದು ಬೇರೆ ರೂಪ ತಾಳಿತು. ಗುಳುಮುಳುಕದ ಬಳಗದಲ್ಲಿಯೂ ಹೀಗೆ ಹಾರಲಾರದ ಜಾತಿಗಳು ದಕ್ಷಿಣ ಅಮೆರಿಕದ ಎತ್ತರದ ಸರೋವರಗಳಲ್ಲಿವೆ. ಪೆರುವಿನ ಹುನಿನ್ ಸರೋವರದ ಜಾತಿಗೆ ಆ ಒಂದು ನೀರೇ ಲೋಕ.

ಉತ್ತರದ ಸಮುದ್ರಗಳಲ್ಲಿಯೂ ಒಂದು ಹಕ್ಕಿ ಪೆಂಗ್ವಿನ್ನಿನ ಹಾದಿಯನ್ನೇ ಹಿಡಿದಿತ್ತು. ಗ್ರೇಟ್ ಆಕ್ ಎಂಬ ಆ ಹಕ್ಕಿ ಮರ್ ಹಕ್ಕಿಯ ಸಮೀಪಬಂಧು. ತೂಕ ಸುಮಾರು ಐದು ಕಿಲೋಗ್ರಾಂ. ಪೆಂಗ್ವಿನ್ ಎಂಬ ಹೆಸರನ್ನು ನಾವಿಕರು ಮೊದಲು ಇಟ್ಟುದು ಇದಕ್ಕೇ. ದಕ್ಷಿಣದ ಹಕ್ಕಿಗಳನ್ನು ಕಂಡಾಗ ಹೋಲಿಕೆಯಿಂದ ಅವನ್ನೂ ಅದೇ ಹೆಸರಿನಿಂದ ಕರೆದರು. ಇಂದು ಹೆಸರು ಮಾತ್ರ ಉಳಿದಿದೆ. ಮಾಂಸಕ್ಕಾಗಿ, ಕೊಬ್ಬಿಗಾಗಿ, ಮೆತ್ತೆಗೆ ತುಂಬುವ ಗರಿಗಳಿಗಾಗಿ ನಾವಿಕರು ಅವನ್ನು ದಂಡೆಯ ಮೇಲೆ ಹೊಡೆದು ಕೊಂದರು. ನೀರಿನಲ್ಲಿ ಯಾರ ಕೈಗೂ ಸಿಗದ ಹಕ್ಕಿ, ಮೊಟ್ಟೆಯಿಡಲು ದಡಕ್ಕೆ ಬಂದಾಗ ಓಡಲೂ ಆರದೆ ಹಾರಲೂ ಆರದೆ ಸಿಕ್ಕಿಬಿತ್ತು. 1844ರ ಜೂನ್ ತಿಂಗಳಲ್ಲಿ ಐಸ್‌ಲೆಂಡ್ ಬಳಿಯ ಎಲ್ಡೆ ಎಂಬ ಬಂಡೆಯ ಮೇಲೆ ಕೊನೆಯ ಜೋಡಿ ಹತವಾಯಿತು. ಬೋನಾಳದ ಏರಿಗೆ ಟೇಲರ್ ಅವರು ಮಣ್ಣು ಹಾಕಿಸುತ್ತಿದ್ದ ದಶಕವೇ ಅದು.

ಹಾರಾಟವನ್ನು ಬಿಟ್ಟುಕೊಟ್ಟುದಕ್ಕೆ ಪೆಂಗ್ವಿನ್ ಆಳವನ್ನು ಪಡೆಯಿತು. ಅದರ ಬೆಲೆ ಏನೆಂಬುದು ಕಡಲು ಕೆಟ್ಟ ವರ್ಷಗಳಲ್ಲಿ ತಿಳಿಯುತ್ತದೆ. ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವಭಾಗದ ನೀರು ಕೆಲವು ವರ್ಷಗಳಿಗೊಮ್ಮೆ ಅಸಾಧಾರಣವಾಗಿ ಬಿಸಿಯಾಗುತ್ತದೆ. ಇದಕ್ಕೆ ಎಲ್ ನಿನೊ ಎಂದು ಹೆಸರು. ಆಗ ಗಲಪಗೊಸ್‌ನ ಸುತ್ತ ಆಳದ ತಣ್ಣೀರು ಮೇಲೆ ಬರುವುದು ಕುಗ್ಗಿ ಮೀನುಗಳು ವಿರಳವಾಗುತ್ತವೆ. 1982–83ರ ಎಲ್ ನಿನೊದಲ್ಲಿ ಅಲ್ಲಿಯ ಪೆಂಗ್ವಿನ್‌ಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ನಾಶವಾದವು. ಹಾರಲಾರದ ನೀರುಕಾಗೆಗಳು ಸುಮಾರು ಅರ್ಧಕ್ಕೆ ಇಳಿದವು. ನೀರುಕಾಗೆಗಳ ಸಂಖ್ಯೆ ಬೇಗನೆ ಚೇತರಿಸಿಕೊಂಡಿತು, ಪೆಂಗ್ವಿನ್‌ಗಳದು ಚೇತರಿಸಲಿಲ್ಲ. ಅಂಟಾರ್ಕ್ಟಿಕದ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ 2022ರಲ್ಲಿ ಮರಿಗಳಿಗೆ ನೀರು ತಡೆಯುವ ಗರಿ ಮೂಡುವ ಮೊದಲೇ ಕಾಲಡಿಯ ಹಿಮ ಒಡೆಯಿತು. ಅಲ್ಲಿಯ ಐದು ಎಂಪರರ್ ನೆಲೆಗಳ ಪೈಕಿ ನಾಲ್ಕರಲ್ಲಿ ಆ ವರ್ಷ ಒಂದು ಮರಿಯೂ ಉಳಿದಂತೆ ಕಾಣಲಿಲ್ಲ. ದಕ್ಷಿಣ ಆಫ್ರಿಕಾದ ಜಾತಿಯನ್ನು 2024ರಲ್ಲಿ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ದಂಡೆಯ ಸಮೀಪದ ಸಣ್ಣ ಮೀನುಗಳು ಕಡಿಮೆಯಾದುದೇ ಅದಕ್ಕೆ ಮುಖ್ಯ ಕಾರಣ. ಮರಿ ಸಾಕುವ ಪೆಂಗ್ವಿನ್ ಈಜಿ ಹೋಗಿ ಬರುವಷ್ಟು ದೂರದೊಳಗೆ ಮೀನಿರಬೇಕು. ಮೀನು ಅದಕ್ಕಿಂತ ದೂರ ಸರಿದರೆ ರೆಕ್ಕೆಯ ಹಕ್ಕಿಗಳು ಹಾರಿಹೋಗಿ ತರಬಲ್ಲವು, ಪೆಂಗ್ವಿನ್ ತರಲಾರದು.

ಅದೇ ಎಲ್ ನಿನೊ ನಮ್ಮ ಕಡೆಯ ಮುಂಗಾರನ್ನೂ ಅನೇಕ ವೇಳೆ ಕುಗ್ಗಿಸುತ್ತದೆ. 2015ರಲ್ಲಿ ಹಾಗಾಯಿತು. 2023ರಲ್ಲಿಯೂ ಹಾಗಾಗಿ ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮಳೆ ಕೈಕೊಟ್ಟ ವರ್ಷ ಬೋನಾಳದಂತಹ ಕೆರೆಗಳ ನೀರು ಮಾಘ ಕಳೆಯುವಷ್ಟರಲ್ಲಿ ಹಿಂದೆ ಸರಿದು, ಬಿರಿದ ಕರಿಮಣ್ಣು ಮೇಲೆದ್ದು ಕಾಣುತ್ತದೆ. ಆಗ ಹಾವಕ್ಕಿ, ನೀರುಕಾಗೆಗಳು ಉಳಿದ ಮಡುವಿನ ಸುತ್ತ ಕೆಲವು ದಿನ ಸುಳಿದಾಡುತ್ತವೆ. ಅಲ್ಲಿಯೂ ಮೀನು ತೀರಿತೆಂದಾಗ ಒಂದು ಮುಂಜಾನೆ ನೀರಿನ ಮೇಲೆ ಕಾಲು ಬಡಿಯುತ್ತ ಓಡಿ, ಆ ಪ್ರಯಾಸದ ರೆಕ್ಕೆಗಳಿಂದಲೇ ಮೇಲೆದ್ದು, ನಾರಾಯಣಪುರದ ಬಸವಸಾಗರದ ಹಿನ್ನೀರನ್ನೋ ಕೃಷ್ಣೆಯ ಮಡುಗಳನ್ನೋ ಅರಸಿಕೊಂಡು ಹೊರಟುಹೋಗುತ್ತವೆ.